ತಂಗಿಯ ಮೈಯೊಳಗಿನ ಬಡಿದಾಟ

ತಂಗಿ ಅವ್ವನ ಮುಂಗೈ ಕಚ್ಚಿ ಹಿಡಿದಾಗ ನಾನು ಅವಳ ಕಪಾಳಕ್ಕೆ ಬಾರಿಸಿದೆ. ಬಿಡಲಿಲ್ಲ. ಇನ್ನೊಂದು ಬಾರಿಸಿದೆ. ಆಗಲೂ ಬಿಡಲಿಲ್ಲ. ಕೊನೆಗೆ ಅವಳ ಮೂಗು ಒತ್ತಿ ಹಿಡಿದೆ. ಉಸಿರಿಗೆಂದು ಬಾಯಿ ತೆರೆದಳು, ಅವ್ವನ ಕೈ ಹೊರಗೆ ಬಂತು. ಅಡುಗೆಕಟ್ಟೆಯಿಂದ ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬೆಳಗಿನ ಹತ್ತು ಗಂಟೆ, ಓಣಿಯ ಜನ ಕಿಟಕಿಗೆ ಮುಖ ಹಚ್ಚಿ ನಿಂತಿದ್ದರು. "ಏನ್ ತಮಾಷಾ ನೋಡ್ಲತ್ತೀರಿ? ನಡೀರಿ ಇಲ್ಲಿಂದ!" ಎಂದು ಕೈಗೆ ಸಿಕ್ಕ ಚೊಂಬನ್ನೇ ಅವರ ಕಡೆಗೆ ಬೀಸಿದೆ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು, ಮುಚ್ಚಿಟ್ಟು ಏನಾಗಬೇಕು? ಬೀದರಿನ ಪಕ್ಕದ ಕೊಳಾರದಲ್ಲಿ ಒಂದು ಗೋದಾಮಿನ ಗೇಟು ಕಾಯುವವರ ಮೇಲ್ವಿಚಾರಣೆ ನನ್ನದು. ಒಳಗೆ ಬರುವವನು ಯಾರು, ಹೊರಗೆ ಹೋಗುವವನು ಯಾರು, ಕಾರ್ಡು ಎಲ್ಲಿ ಎಂದು ದಿನವಿಡೀ ಗದರುವ ಕೆಲಸ. ಬೀದರಿನ ಮನೆಯಲ್ಲಿ ನಾವು ಮೂವರೇ. ಅವ್ವ ಮೂವತ್ತು ವರ್ಷ ಮಿಷನ್ ದವಾಖಾನೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ತಂಗಿ ಭಾಲ್ಕಿಯ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಿದ್ದಳು, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅಪ್ಪ ಹೋದ ಮೇಲೆ ಅವಳನ್ನು ಬೆಳೆಸಿದವನು ನಾನು ಎಂಬ ಸೊಕ್ಕು ನನಗೆ ಸ್ವಲ್ಪ ಇತ್ತು.

ಶುರುವಾದದ್ದು ತಲೆನೋವು, ಸಣ್ಣ ಜ್ವರದಿಂದ. ಆಮೇಲೆ ನಾಲ್ಕು ದಿನ ಅವಳು ಕಣ್ಣೇ ಮುಚ್ಚಲಿಲ್ಲ. ಐದನೆಯ ದಿನ ಶಾಲೆಯಿಂದ ಫೋನು ಬಂತು, "ಜಲ್ದಿ ಬರ್ರಿ" ಎಂದು. ಗಾಡಿ ಹೊಡೆದುಕೊಂಡು ಭಾಲ್ಕಿಗೆ ಹೋದರೆ, ತರಗತಿಯ ಕರಿಹಲಗೆ ಸಾಲದೆ ಗೋಡೆಯ ಮೇಲೂ ಒಂದೇ ಅಂಕಿಯನ್ನು ಬರೆದಿದ್ದಳು. ತಡೆಯಲು ಬಂದ ಹೆಡ್‌ಮಿಸ್ಸನ್ನು ಬೆಂಚಿನ ಮೇಲೆ ತಳ್ಳಿದ್ದಳು, ಅವರ ಹಣೆ ಒಡೆದಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀ ನಮ್ಮಣ್ಣ ಅಲ್ಲ. ಅವನ ಚರ್ಮ ಹಾಕ್ಕೊಂಡು ಬಂದಿ" ಎಂದಳು.

ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಮನಸ್ಸಿನ ಕಾಯಿಲೆ ಎಂದು ಒಬ್ಬ ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ನುಂಗಿದ ಮೇಲೆ ಅವಳ ಮೈ ಕಟ್ಟಿಗೆಯಂತೆ ಸೆಟೆಯಿತು. ಬಾಯಿ ಮಾತ್ರ ಏನನ್ನೋ ಅಗಿಯುವಂತೆ ಅಲುಗುತ್ತಲೇ ಇತ್ತು. ಸೆಟೆತ ಇಳಿದರೆ ಮತ್ತೆ ಕಚ್ಚಾಟ, ಪರಚಾಟ. ಅವ್ವ ಅವಳ ಕೈಕಾಲುಗಳನ್ನು ಹತ್ತಿ ಸುತ್ತಿ ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದಳು, ದವಾಖಾನೆಯಲ್ಲಿ ಕಟ್ಟುವ ಹಾಗೆಯೇ, ಗುರುತು ಬೀಳಬಾರದೆಂದು. ಚರ್ಚಿನ ಹಿರಿಯರು ಪ್ರಾರ್ಥನೆಗೆ ಬಂದರೆ ತಂಗಿ ಅವರ ಮುಖಕ್ಕೆ ಉಗಿದಳು. ಅವರು ಹೋದ ಮೇಲೆ ಅವ್ವ ಒರಗಿ ಕೂತು, "ಔರಾದ ಕಡಿ ಒಬ್ಬ ಮುದುಕ ಗಾಳಿ-ದೆವ್ವ ಬಿಡಿಸ್ತಾನಂತ. ಅಲ್ಲಿ ನಮ್ಮ ಗುರುತಿನವ್ರು ಯಾರೂ ಇಲ್ಲ" ಎಂದಳು. ಸಾವಿರಾರು ಜನರಿಗೆ ಸೂಜಿ ಚುಚ್ಚಿದ ಹೆಂಗಸು! ನಾನು ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ನನಗೂ ಸಾಕಾಗಿತ್ತು.

ಔರಾದ ದಾಟಿ ತೊಗರಿ ಹೊಲದ ನಡುವೆ ಒಂದು ತಗಡಿನ ಶೆಡ್ಡು. ಮುದುಕ ಮೊದಲು ಮಾಡಿದ ಕೆಲಸವೆಂದರೆ ಅವ್ವನ ಬ್ಯಾಂಡೇಜು ಕಿತ್ತೆಸೆದು ತೆಂಗಿನ ನಾರಿನ ಹಗ್ಗ ಬಿಗಿದದ್ದು. ನಾನು ತಂಗಿಯ ಕಾಲು ಅದುಮಿ ಹಿಡಿಯಬೇಕು ಎಂದ. ಹಸಿ ಬೇವಿನ ಕೋಲು ತೆಗೆದುಕೊಂಡು, "ಯಾರ್ ನೀ? ಎಲ್ಲಿಂದ ಬಂದಿ? ಯಾವಾಗ ಬಿಡ್ತಿ?" ಎಂದು ಪ್ರಶ್ನೆಗೊಂದು ಏಟು ಕೊಟ್ಟ. ಅವಳು ನಕ್ಕಳು. ನಕ್ಕದ್ದಕ್ಕೆ ಮತ್ತೆ ಏಟು. ಮುದುಕನ ತೋಳು ಸೋತು ಹೋದಾಗ ಕೋಲನ್ನು ನನ್ನ ಕಡೆಗೆ ಚಾಚಿ, "ನೀ ಹೊಡಿ. ರಕ್ತಸಂಬಂಧದವ್ರು ಹೊಡದ್ರ ಜಲ್ದಿ ಹೋಗ್ತದ" ಎಂದ.

ಹೊಡೆದೆ. ಎಷ್ಟು ಎಂದು ಎಣಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಏಟುಗಳಲ್ಲಿ ದೆವ್ವ ಬಿಡಿಸುವ ಆಸೆಗಿಂತ ಹದಿನೈದು ದಿನದ ನಿದ್ದೆಗೇಡು, ಓಣಿಯಲ್ಲಿ ಆದ ಅವಮಾನವೇ ಹೆಚ್ಚಿತ್ತು. ಹೊಡೆಯುತ್ತ ಹೋದಂತೆ ಹಾಯೆನಿಸಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

ಆಗ ಅವಳ ಕಣ್ಣು ಮೇಲಕ್ಕೆ ತಿರುಗಿದವು. ಬೆನ್ನು ಬಿಲ್ಲಿನಂತೆ ಬಾಗಿತು, ಕೈಕಾಲು ಜಗ್ಗಾಡತೊಡಗಿದವು, ಬಾಯಲ್ಲಿ ನೊರೆ ಬಂತು. "ಹೊಂಟದ, ಹೊಂಟದ! ಇನ್ನೂ ನಾಲ್ಕ್ ಹಾಕು!" ಎಂದು ಮುದುಕ ಕುಣಿದಾಡಿದ. ಅವ್ವ ಮೂಲೆಯಿಂದ ಎದ್ದು ಬಂದಳು. ನನ್ನ ಕೈಯಿಂದ ಕೋಲು ಕಸಿದು ಮೊದಲು ನನ್ನ ಹೆಗಲ ಮೇಲೆ ಬಾರಿಸಿದಳು, ಆಮೇಲೆ ಮುದುಕನ ಮೊಣಕಾಲಿಗೆ. ಅವನು ಕುಸಿದು ಕೂತ. "ಗಾಳಿ ಅಲ್ಲೋ ಮೂಳಾ, ಫಿಟ್ಸ್ ಇದು! ಹಗ್ಗ ಬಿಚ್ಚು!" ತಂಗಿಯನ್ನು ಮಗ್ಗುಲಿಗೆ ಹೊರಳಿಸಿ, ಸೆರಗಿನಿಂದ ಬಾಯಿ ಒರೆಸಿ, ಕೈಗಡಿಯಾರ ನೋಡುತ್ತ ಜೋರಾಗಿ ಸೆಕೆಂಡು ಎಣಿಸತೊಡಗಿದಳು. ಎಣಿಸುತ್ತಲೇ ಅಳುತ್ತಿದ್ದಳು. ಬಾಡಿಗೆಯ ಜೀಪಿನಲ್ಲಿ ಬೀದರಿಗೆ ಬರುವಾಗ ದಾರಿಯಲ್ಲಿ ಇನ್ನೊಂದು ಸಲ ಫಿಟ್ಸ್ ಬಂತು.

ದೊಡ್ಡ ದವಾಖಾನೆಯಲ್ಲಿ ನೋಡಿದ ಡಾಕ್ಟರಮ್ಮ ನನಗಿಂತ ಚಿಕ್ಕವರು. ತಂಗಿಯ ಅಗಿಯುವ ಬಾಯಿ ನೋಡಿದ ಕೂಡಲೇ, "ಇದು ಎಷ್ಟ್ ದಿನದಿಂದ ಅದರಿ?" ಎಂದು ಕೇಳಿದರು. ಬೆನ್ನಿನಿಂದ ನೀರು ತೆಗೆದು ಹೈದರಾಬಾದಿಗೆ ಪರೀಕ್ಷೆಗೆ ಕಳಿಸಿದರು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಅಂಡಾಶಯದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಮಿದುಳಿನ ಕಾಯಿಲೆಗೆ ಹೊಟ್ಟೆ ಯಾಕೆ ನೋಡುತ್ತಾರೆ ಎಂದು ನಾನು ರೇಗಿದೆ.

"ಕೂಡ್ರಿ, ಹೇಳ್ತೇನಿ" ಎಂದರು. ಹೇಳಿದ್ದು ಇಷ್ಟು. ನಮ್ಮ ರಕ್ತದಲ್ಲಿ ಕಾವಲಿನ ಕಣಗಳಿವೆ. ಅವು ಹುಟ್ಟಿ ಬೆಳೆಯುವಾಗಲೇ ಮೈ ಅವಕ್ಕೆ ಪರೀಕ್ಷೆ ಇಡುತ್ತದೆ. ತನ್ನದನ್ನೇ ಕಚ್ಚಲು ಹೋಗುವ ಕಣಗಳನ್ನು ಅಲ್ಲೇ ಕೊಂದು ಹಾಕುತ್ತದೆ. ತಪ್ಪಿಸಿಕೊಂಡು ಹೊರಬಿದ್ದ ಕೆಲವನ್ನು ಅದುಮಿ ಇಡಲು ಬೇರೆ ಕಣಗಳಿವೆ. ಹೀಗಾಗಿ ಮೈ ತನ್ನನ್ನು ತಾನು ಸಹಿಸಿಕೊಂಡಿರುತ್ತದೆ. ತಂಗಿಯ ಗಡ್ಡೆ ವಿಚಿತ್ರದ್ದು. ಅದರೊಳಗೆ ಕೂದಲು, ಹಲ್ಲಿನ ಚೂರು, ಅದರ ಜೊತೆ ಮಿದುಳಿನಂಥದೇ ಸ್ವಲ್ಪ ಮಾಂಸ. ಇರಬಾರದ ಜಾಗದಲ್ಲಿ, ಕೆಟ್ಟು ಕೊಳೆತ ಸ್ಥಿತಿಯಲ್ಲಿ ಅದನ್ನು ಕಂಡ ಕಾವಲಿನ ಕಣಗಳು ವೈರಿ ಎಂದು ತಿಳಿದವು. ಅದಕ್ಕೆಂದೇ ಆಯುಧ ತಯಾರಿಸಿದವು. ಆ ಆಯುಧ ರಕ್ತದಲ್ಲಿ ಹರಿದು ತಲೆಗೆ ಹೋಯಿತು, ಅಲ್ಲಿ ನಿಜವಾದ ಮಿದುಳೂ ಅದೇ ಗುರುತಿನದು.

"ಅಂದ್ರ ಅಕಿ ಮಿದುಳು ಕೆಟ್ಟಿಲ್ಲರಿ. ಅಕಿ ಮೈನೇ ಅದಕ್ಕ ಬಡೀಲತ್ತದ" ಎಂದರು. ಆಮೇಲೆ ತಂಗಿಯ ಬೆನ್ನಿನ ಬಾಸುಂಡೆ ತೋರಿಸಿ, "ಇವು?" ಎಂದು ಕೇಳಿದರು.

"ನಾ ಹೊಡದೇನ್ರಿ."

ಅವರು ಬೈಯಲಿಲ್ಲ. "ಹಂಗಾದ್ರ ಒಳಗಿಂದನೂ ಬಿತ್ತು, ಹೊರಗಿಂದನೂ ಬಿತ್ತು ಪಾಪ" ಎಂದು ಕಾಗದದಲ್ಲಿ ಬರೆದುಕೊಂಡರು. ಬೈದಿದ್ದರೆ ಒಳ್ಳೆಯದಿತ್ತು. ಹೊರಗೆ ಬಂದು ಗೋಡೆಗೆ ಹಣೆ ಚಚ್ಚಿಕೊಂಡೆ, ಇಬ್ಬರು ವಾರ್ಡ್‌ಬಾಯ್‌ಗಳು ಬಂದು ಹಿಡಿದರು.

ಗಡ್ಡೆ ತೆಗೆದರು. ಕಾವಲಿನ ಕಣಗಳ ಸೊಕ್ಕು ಮುರಿಯಲು ನರಕ್ಕೆ ಔಷಧಿ ಏರಿಸಿದರು. ಉಸಿರಾಟ ನಿಂತಂತಾಗಿ ಹನ್ನೊಂದು ದಿನ ಯಂತ್ರಕ್ಕೆ ಹಾಕಿದರು. ಸಾಯುತ್ತಾಳೆಂದೇ ಎರಡು ಸಲ ನಾವು ಅತ್ತು ಮುಗಿಸಿದ್ದೆವು. ಬದುಕಿದಳು. ಕಣ್ಣು ತೆರೆದು ಅವ್ವನನ್ನು ಕಂಡು ನೀರು ಕೇಳಿದಾಗ ನಾನು ವಾರ್ಡಿನ ನಡುವೆಯೇ ಗೊಳೋ ಎಂದು ಅತ್ತೆ.

ಅವಳಿಗೆ ಆ ತಿಂಗಳಿನದು ಏನೂ ನೆನಪಿಲ್ಲ. ಬಿದ್ದು ಗಾಯವಾಯಿತು ಎಂದು ಹೇಳೋಣ ಎಂದಳು ಅವ್ವ. ನನ್ನಿಂದ ಆಗಲಿಲ್ಲ. ಕಾಲು ಹಿಡಿದು ಎಲ್ಲ ಹೇಳಿದೆ. "ನನಗ ನೆನಪೇ ಇಲ್ಲಂದ್ರ ಹ್ಯಾಂಗ ಮಾಫ್ ಮಾಡ್ಲಿ ಅಣ್ಣಾ?" ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಇದು ತಿರುಗಿ ಬರಬಹುದು, ಲಕ್ಷ್ಯ ಇಡ್ರಿ. ನಿದ್ದಿ ಕೆಟ್ರ, ಮಾತು ತಪ್ಪಿದ್ರ, ಸುಮ್ಮಸುಮ್ಮನ ಸಿಟ್ಟಿಗೆದ್ರ ಕರಕೊಂಡು ಬರ್ರಿ. ಅನುಮಾನ ಬಂದ್ರ ಇವತ್ತ ಯಾವ ವಾರ, ನೂರರಾಗ ಏಳು ಕಳದ್ರ ಎಷ್ಟು, ಇಂಥಾವು ಕೇಳ್ರಿ" ಎಂದಿದ್ದರು. ನಾನು ಲಕ್ಷ್ಯ ಇಟ್ಟೆ. ಅವಳು ಮಲಗಿದಾಗ ಬಾಗಿಲಲ್ಲಿ ನಿಂತು ಉಸಿರು ಕೇಳಿದೆ. ಜೋರಾಗಿ ನಕ್ಕರೆ ತಿರುಗಿ ನೋಡಿದೆ. ಆರು ತಿಂಗಳಿಗೆ ಅವಳು ಮತ್ತೆ ಭಾಲ್ಕಿಯ ಬಸ್ಸು ಹತ್ತಿದಳು. ದಿನಾ ಮಧ್ಯಾಹ್ನ ಹೆಡ್‌ಮಿಸ್ಸಿಗೆ ಫೋನು ಮಾಡಿ, "ಅರಾಮ ಅದಾಳೇನ್ರಿ?" ಎಂದು ಗುಟ್ಟಾಗಿ ಕೇಳುತ್ತಿದ್ದೆ.

ಅದು ಅವಳಿಗೆ ಗೊತ್ತಾಯಿತು. ಚರ್ಚಿನಿಂದ ಬಂದು ಊಟಕ್ಕೆ ಕೂತಿದ್ದೆವು. "ಮಕ್ಕಳ ಮುಂದ ನನಗ ಹುಚ್ಚಿ ಮಾಡಿಟ್ಟಿ ನೀ!" ಎಂದು ಚೀರಿ, ಅನ್ನದ ತಾಟನ್ನು ಎತ್ತಿ ಗೋಡೆಗೆ ಒಗೆದಳು. ನಾನು ಏನು ಮಾಡಿದೆನೋ ನನಗೇ ತಿಳಿಯಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಅವಳು ನೆಲದ ಮೇಲೆ ಬೋರಲು ಬಿದ್ದಿದ್ದಾಳೆ, ನನ್ನ ಮೊಣಕಾಲು ಅವಳ ಬೆನ್ನ ಮೇಲೆ, ಅವಳ ಎರಡೂ ಕೈ ನನ್ನ ಮುಷ್ಟಿಯಲ್ಲಿ. "ಬಿಡೋ ಅಕಿಗಿ!" ಎಂದು ಅವ್ವ ನನ್ನ ಅಂಗಿ ಜಗ್ಗುತ್ತಿದ್ದಾಳೆ.

ತಂಗಿ ಒದ್ದಾಡಲಿಲ್ಲ. ಚೆಲ್ಲಿದ ಸಾರಿನಲ್ಲಿ ಕೆನ್ನೆ ಊರಿಕೊಂಡೇ, "ಅಣ್ಣಾ, ನನಗ ಬರೇ ಸಿಟ್ಟು ಬಂದದ. ಇವತ್ತ ಐತವಾರ. ಏಳು" ಎಂದಳು.

ನಾನು ಏಳಲಿಲ್ಲ. "ನೂರರಾಗ ಏಳು ಕಳದ್ರ ಎಷ್ಟು, ಹೇಳು" ಎಂದೆ.