ನಿರ್ಮಲಮ್ಮನ ಅಭಿಪ್ರಾಯ

ನಿರ್ಮಲಮ್ಮ ದುರಹಂಕಾರಿ. ತನಗೆ ತಿಳಿದದ್ದೇ ತಿಳಿವಳಿಕೆ, ಮಿಕ್ಕವರದು ಬರೀ ಗದ್ದಲ ಎಂದು ನಂಬಿ ಅರವತ್ತು ವರ್ಷ ಬಾಳಿದ ಹೆಂಗಸು. ತನ್ನೂರು ಹೊಸಬಾಳೆಯಲ್ಲಿ ಆಕೆ ಕೂತ ಪಂಕ್ತಿಗೆ ಬಡಿಸಲು ಹುಡುಗರು ಹಿಂದೆಮುಂದೆ ನೋಡುತ್ತಿದ್ದರು. ಸಾರಿಗೆ ಉಪ್ಪು ಕಡಿಮೆಯಾದರೆ ಮದುವೆಮನೆಯಲ್ಲೇ, ಬೀಗರ ಎದುರಿಗೇ ಹೇಳಿಬಿಡುವಳು.

ಇಂಥ ನಾಲಿಗೆಗೂ ದುಡ್ಡು ಕೊಡುವವರಿದ್ದಾರೆಂದು ಊರಿಗೆ ತಿಳಿದದ್ದು ಸಂಗೀತಳಿಂದ. ಶಿರಾಳಕೊಪ್ಪದ ಈ ಹುಡುಗಿ ಬಿ.ಎ. ಮುಗಿಸಿ, ಮಾರುಕಟ್ಟೆ ಸಮೀಕ್ಷೆ ನಡೆಸುವ ಕಂಪನಿಯೊಂದಕ್ಕೆ ಹೆಂಗಸರನ್ನು ಕೂಡಿಸಿಕೊಡುತ್ತಿದ್ದಳು. ಸೋಪೋ ಕಾರದ ಪುಡಿಯೋ ಅಂಗಡಿಗೆ ಬರುವ ಮುಂಚೆ, ಶಿಕಾರಿಪುರದ ಹೋಟೆಲೊಂದರ ಮಹಡಿಯ ಕೋಣೆಯಲ್ಲಿ ಎಂಟು ಹೆಂಗಸರು ದುಂಡಗೆ ಕೂತು ಅದು ಹೇಗಿದೆ ಎಂದು ಮಾತಾಡಬೇಕು. ಎದ್ದು ಹೋಗುವಾಗ ಒಬ್ಬೊಬ್ಬರಿಗೂ ದುಡ್ಡಿನ ಲಕೋಟೆ. ಆದರೆ ಬಂದವರಿಗೆ ಮೊದಲು ಉಪ್ಪಿಟ್ಟು, ಕೇಸರಿಬಾತು ಕೊಡುತ್ತಿದ್ದರು. ತಿಂದ ಮೇಲೆ ಕೊಟ್ಟವರ ಪದಾರ್ಥವನ್ನು ಹಳಿಯುವುದು ಹೇಗೆ? ಸೋಪು ನೊರೆ ಬಿಡದಿದ್ದರೂ "ಚೆನ್ನಾಗೈತ್ರಿ," ಕಾರದ ಪುಡಿ ಮುಗ್ಗಲು ನಾತ ಹೊಡೆದರೂ "ಚೆನ್ನಾಗೈತ್ರಿ."

ನಿರ್ಮಲಮ್ಮ ಮೊದಲ ದಿನವೇ ಹೇಳಿದಳು: "ಇದು ಕಾರದ ಪುಡಿ ಅಲ್ಲ ಕಣ್ರಿ, ಇಟ್ಟಿಗೆ ಪುಡಿ. ನಿಮ್ಮ ಉಪ್ಪಿಟ್ಟೂ ಬೆಂದಿಲ್ಲ."

ಇದ್ದದ್ದನ್ನು ಇದ್ದಂತೆ ಹೇಳುವವಳು ಸಿಕ್ಕಳೆಂದು ಕಂಪನಿಯವರು ಹಿಗ್ಗಿದರು. ಒಬ್ಬರನ್ನೇ ಮತ್ತೆ ಮತ್ತೆ ಕರೆಯಬಾರದೆಂಬ ನಿಯಮವೇನೋ ಇತ್ತು. ಶಿಕಾರಿಪುರಕ್ಕೆ ಬರುವಷ್ಟರಲ್ಲಿ ಅದು ಸಡಿಲವಾಗಿತ್ತು. ನಿರ್ಮಲಮ್ಮ ಬಸ್ಸಿಳಿದು ಬರುವ ಠೀವಿಯೇ ಬೇರೆಯಾಯಿತು. ಆದರೆ ಆಕೆ ಬಾಯಿ ತೆರೆದರೆ ಉಳಿದ ಏಳು ಬಾಯಿ ಮುಚ್ಚಿಕೊಳ್ಳುತ್ತಿದ್ದವು. "ಅಮ್ಮಾರು ಹೇಳಿದ್ದೇ ನಮ್ದೂ" ಎಂದು ಎಲ್ಲರೂ ಲಕೋಟೆಗೆ ಕಾಯುತ್ತಿದ್ದರು.

ಈ ವರ್ಷ ಸಂಗೀತಳಿಗೆ ಒಂದು ಅವಕಾಶ ಒದಗಿತು. ಈವರೆಗೆ ಹೆಂಗಸರನ್ನು ಕರೆತಂದು, ಲೋಟ ಜೋಡಿಸಿ, ಬಾಗಿಲ ಬಳಿ ನಿಲ್ಲುವುದಷ್ಟೇ ಅವಳ ಪಾಲಿಗಿತ್ತು. ಮಾತಾಡಿಸಲು ಹುಬ್ಬಳ್ಳಿಯಿಂದ ಯಾರೋ ಬರುತ್ತಿದ್ದರು. ಈ ಸಲ ಚಹಾಪುಡಿಯ ಕೂಟವನ್ನು ಅವಳೇ ನಡೆಸಬೇಕು. ಮೇಲಧಿಕಾರಿ ಯತೀಶ ಮೂಲೆಯಲ್ಲಿ ಕೂತು ನೋಡುತ್ತಾನೆ. ಎಲ್ಲರೂ ಬಾಯಿ ಬಿಟ್ಟು ಮಾತಾಡಿದರೆ ಕಾಯಂ ಕೆಲಸ. ಇಲ್ಲವಾದರೆ ಮತ್ತೆ ಲೋಟ ಜೋಡಿಸುವುದೇ.

ಬಸ್‌ಸ್ಟ್ಯಾಂಡಿನಲ್ಲಿ ನಿರ್ಮಲಮ್ಮನಿಗೆ ಇದನ್ನೆಲ್ಲ ಹೇಳಿದಳು. "ನೀವು ಸುಮ್ಮನಿರಿ" ಎನ್ನಲು ಮಾತ್ರ ಧೈರ್ಯ ಸಾಲಲಿಲ್ಲ.

"ಮುಖ ಯಾಕೆ ಹಂಗೆ ಸಪ್ಪಗೆ ಮಾಡೀಯ? ನಾನಿದ್ದೀನಲ್ಲ. ಎಲ್ಲಾರ ಪರವಾಗಿ ನಾನೇ ಮಾತಾಡ್ತೀನಿ," ಎಂದಳು ನಿರ್ಮಲಮ್ಮ.

ಸಂಗೀತ ಆಕೆಯ ಚೀಲ ಎತ್ತಿಕೊಂಡು ಹೋಟೆಲಿನತ್ತ ನಡೆದಳು.

ಕೋಣೆಯಲ್ಲಿ ಚಹಾ ಬಂತು. "ಹೆಂಗೈತೆ, ಹೇಳ್ರಿ," ಎಂದಳು ಸಂಗೀತ.

"ಚೆನ್ನಾಗೈತ್ರಿ," ಎಂದಳು ಮೊದಲನೆಯವಳು. ಎರಡನೆಯವಳದೂ ಅದೇ. ಮೂರನೆಯವಳು ಶಮ್ಸುನ್ನೀಸಾ, ಶಿರಾಳಕೊಪ್ಪದ ಬಳೆ ಅಂಗಡಿಯವನ ಹೆಂಡತಿ. ಏನೋ ಹೇಳಹೊರಟವಳು ನಿರ್ಮಲಮ್ಮನ ಕಡೆ ನೋಡಿ ನುಂಗಿಕೊಂಡಳು. "ಅಮ್ಮಾರು ಹೇಳ್ಲಿ ಬಿಡ್ರಿ."

ಎಲ್ಲರೂ ಅತ್ತ ತಿರುಗಿದರು. ಯತೀಶ ಗಡಿಯಾರ ನೋಡಿದ.

ನಿರ್ಮಲಮ್ಮ ಒಂದು ಗುಟುಕು ಕುಡಿದಳು. ಹುಬ್ಬು ಗಂಟಿಕ್ಕಿತು. ತುಟಿ ತೆರೆಯಿತು. ಎದುರಿಗೆ ಸಂಗೀತ ಸೆರಗಿನ ತುದಿಯನ್ನು ಹಿಂಡುತ್ತ ನಿಂತಿದ್ದಳು. ನಿರ್ಮಲಮ್ಮ ಅವಳನ್ನೊಮ್ಮೆ ನೋಡಿ ಲೋಟ ಕೆಳಗಿಟ್ಟಳು.

"ನಂಗೆ ನೆಗಡಿ. ರುಚಿನೇ ತಿಳೀವಲ್ದು. ನೀವೇ ಹೇಳ್ರವ್ವ ಶಮ್ಸುನ್ನೀಸಾ. ಅಂಗಡಿಗೆ ಬಂದೋರಿಗೆಲ್ಲ ಚಾ ಕಾಸೋರು ನೀವು."

ಶಮ್ಸುನ್ನೀಸಾ ಸೆರಗು ಸರಿಮಾಡಿಕೊಂಡಳು. "ಹೇಳ್ತೀನ್ರಿ ಹಂಗಾರೆ. ಬಣ್ಣ ಐತೆ, ಕಸುವಿಲ್ಲ. ಹಾಲು ಬಿದ್ದ ಕೂಡ್ಲೆ ಸತ್ತೋಗ್ತೈತೆ."

"ಹೌದ್ ಮತ್ತೆ!" ಎಂದಳು ಮೊದಲನೆಯವಳು, ತಾನೇ ಹೊಗಳಿದ್ದನ್ನು ಮರೆತು.

"ಏನ್ ಹೌದು? ನಂಗಂತೂ ಹಿಡಿಸ್ತು. ನೀವು ಬಿಸಿನೀರಿಗೆ ಚಾ ಅಂತ ಹೆಸರಿಟ್ಟು ಕುಡಿಯೋರು!" ಎಂದು ಎರಡನೆಯವಳು ಅವಳ ಮೇಲೆ ಬಿದ್ದಳು.

"ನಮ್ಮನೆ ಚಾ ನೀನ್ಯಾವಾಗ ಕುಡಿದೀಯೇ?" ಎಂದಳು ಮೊದಲನೆಯವಳು.

ಕೋಣೆ ಗಲಗಲವೆಂದಿತು. ಸಂಗೀತ ಒಬ್ಬೊಬ್ಬರನ್ನೇ ಕೆಣಕಿದಳು, ತಡೆದಳು, ಮತ್ತೆ ಬಿಟ್ಟಳು. ಯತೀಶನಿಗೆ ಬರೆದು ಪೂರೈಸಲಿಲ್ಲ. ನಡುವೆ ಅವನು ನಿರ್ಮಲಮ್ಮನತ್ತ ಬಗ್ಗಿ, "ಅಮ್ಮಾ, ತಮ್ಮ ಅಭಿಪ್ರಾಯ?" ಎಂದ.

"ತಡೀರಿ, ಅವರದು ಮುಗೀಲಿ," ಎಂದು ನಿರ್ಮಲಮ್ಮ ತನ್ನ ಕುರ್ಚಿಯನ್ನು ಶಮ್ಸುನ್ನೀಸಾಳ ಹತ್ತಿರಕ್ಕೆ ಎಳೆದುಕೊಂಡಳು.