ಪರದೆಯೊಳಗಿನ ಹೊಲಕ್ಕೆ ಮುಯ್ಯಿ ಕಾವಲು

ಕಂಪ್ಯೂಟರಿನೊಳಗೆ ಹೊಲ ಉಳುವುದನ್ನು ನಾನು ನೋಡಿದ್ದೇನೆ. ನಗುವವರು ನಗಲಿ. ಆ ಹೊಲದಲ್ಲಿ ಬಿತ್ತಿದ್ದನ್ನು ಯಾರೋ ಕಿತ್ತುಕೊಂಡು ಹೋದರೆ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತಿತ್ತು. ಹಂದಿ ಹೊಕ್ಕ ರಾಗಿ ಹೊಲವನ್ನು ಬೆಳಗ್ಗೆ ಎದ್ದು ಹೋಗಿ ನೋಡಿದವರಿಗೆ ಈ ಉರಿ ಗೊತ್ತು. ನೋಡದವರಿಗೆ ಹೇಳಿ ಪ್ರಯೋಜನವಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮೊದಲ ಹತ್ತು ವರ್ಷ ಮುಗಿಯುತ್ತ ಬಂದಿದ್ದ ಕಾಲ ಅದು. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಒಂದು ಬ್ರೌಸಿಂಗ್ ಸೆಂಟರು ಇತ್ತು. ಕಬ್ಬಿಣದ ಶಟರು, ಒಳಗೆ ಹಲಗೆ ಹೊಡೆದು ಮಾಡಿದ ಗೂಡುಗಳು, ಗೂಡಿಗೊಂದು ಕಂಪ್ಯೂಟರು. ಕರೆಂಟು ಇದ್ದಾಗ ಜನ, ಹೋದಾಗ ಸೆಕೆ. ನನ್ನ ಸೊಸೆ ಅಲ್ಲಿ ಕೆಲಸಕ್ಕಿದ್ದಳು. ಪ್ಲಸ್ ಟೂ ಓದಿದವಳು, ತಮಿಳು ಕನ್ನಡ ಎರಡರಲ್ಲೂ ಟೈಪು ಹೊಡೆಯುತ್ತಿದ್ದಳು. ಜಮೀನಿಗೆ ಪಟ್ಟಾ ಮಾಡಿಸುವವರ ಮನು ಎಂಬ ಮನವಿಪತ್ರ, ಜಾತಿ ಸರ್ಟಿಫಿಕೇಟಿನ ಅರ್ಜಿ, ಮಕ್ಕಳ ರಿಸಲ್ಟು, ಎಲ್ಲವೂ ಅವಳ ಕೈಯಿಂದಲೇ ಆಗಬೇಕು. ಇಮೇಲು ಎಂದರೇನೆಂದು ತಿಳಿಯದ ಗಂಡಸರಿಗೆಲ್ಲ ಇಮೇಲು ಮಾಡಿಕೊಟ್ಟವಳೂ ಅವಳೇ. ಹೀಗಾಗಿ ಸುತ್ತಲಿನ ಊರುಗಳ ಅರ್ಧ ಗಂಡಸರ ಹೆಸರು ಅವಳ ಚಾಟಿನಲ್ಲಿ ಬಂದು ಕೂತಿತ್ತು. ಮುಂದೆ ಅದೇ ಅವಳ ತಲೆಯ ಮೇಲೆ ಬಿತ್ತು.

ನಾನು ಸಂತೆಯಲ್ಲಿ ಅವರೆಕಾಯಿ, ಸೊಪ್ಪು ಮಾರಿ, ಮಧ್ಯಾಹ್ನ ಅವಳಿಗೆ ಬುತ್ತಿ ಕೊಟ್ಟು, ನಮ್ಮೂರು ತಿಗನಾರೆಯ ಬಸ್ಸು ಬರುವ ತನಕ ಅಲ್ಲೇ ಕೂರುತ್ತಿದ್ದೆ. ಅಂಗಡಿ ಯಜಮಾನನಿಗೆ ಅದು ಹಿಡಿಸುತ್ತಿರಲಿಲ್ಲ.

“ಅಜ್ಜಿ, ಇದು ಬಸ್ ಸ್ಟ್ಯಾಂಡಲ್ಲ” ಎಂದ ಒಂದು ದಿನ.

“ಬಸ್ ಸ್ಟ್ಯಾಂಡಲ್ಲಿ ಫ್ಯಾನಿಲ್ಲ ಕಣಪ್ಪ” ಎಂದೆ. ಮತ್ತೆ ಅವನು ಆ ಮಾತೆತ್ತಲಿಲ್ಲ.

ಗೂಡುಗಳಲ್ಲಿ ಹೈಕಳು ಬಂದೂಕಿನ ಆಟ ಆಡುತ್ತಿದ್ದರು. ಸತ್ತೆ ಎಂದು ಕಿರುಚಿಕೊಂಡವನು ಮರುಗಳಿಗೆಯಲ್ಲಿ ಎದ್ದು ಓಡುತ್ತಿದ್ದ. ಸತ್ತವನು ಏಳುವ ಆಟ ನನಗೆ ಸೇರಲಿಲ್ಲ. ಸೊಸೆ ಆಡುತ್ತಿದ್ದದ್ದು ಬೇಸಾಯದ ಆಟ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಉಳುವುದು, ಬಿತ್ತುವುದು, ನೀರು ಬಿಡುವುದು. ಟೊಮೇಟೊ, ಜೋಳ, ನನಗೆ ಗೊತ್ತಿಲ್ಲದ ಯಾವುದೋ ಕೆಂಪು ಹಣ್ಣು. ಬೆಳೆ ಬರಲು ಹೊತ್ತು ಕಾಯಬೇಕು. ಬಂದ ಗಳಿಗೆಗೆ ಕೊಯ್ಯದಿದ್ದರೆ ಆಟದಲ್ಲಿರುವ ಅಕ್ಕಪಕ್ಕದ ಹೊಲದವರು ಬಂದು ಕಿತ್ತುಕೊಳ್ಳುತ್ತಾರೆ.

“ನಾವೂ ಅವರ್ದ ಕಿತ್ಕಬೋದು ಅತ್ತೆ. ಆಟನೇ ಅದು.”

“ಪಕ್ಕದ ಒಲ್ದವ್ನದ ಕೀಳದು ಆಟನಾ? ಯಾವ ಮನೆಹಾಳ ಕಟ್ಟುದ್ನೊ ಇದ. ನೀ ಕೀಳ್ಬ್ಯಾಡ. ಕಾಯಿ.”

ಹಾಗೆ ನಾವು ಕಾದೆವು. ಅವಳು ಟೈಪು ಹೊಡೆಯುವಾಗ ಪಕ್ಕದ ಪರದೆಯ ಮುಂದೆ ನಾನು ಕೂತಿರುತ್ತಿದ್ದೆ. ಹಣ್ಣು ಕೆಂಪಾದ ಕೂಡಲೇ ಕೂಗುತ್ತಿದ್ದೆ, ಅವಳು ಬಂದು ಕೊಯ್ಯುತ್ತಿದ್ದಳು. ಕಾಯುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಕಾಡಿನ ಅಂಚಿನಲ್ಲಿ ಹೊಲ ಮಾಡುವವರು ಉಳುವುದಕ್ಕಿಂತ ಕಾಯುವುದೇ ಹೆಚ್ಚು.

ನಮ್ಮಲ್ಲಿ ಒಂದು ಪದ್ಧತಿ ಇದೆ, ಮುಯ್ಯಿ ಕಾವಲು. ಮದುವೆಗೋ ಸಾವಿಗೋ ಊರು ಬಿಡಬೇಕಾದರೆ ಪಕ್ಕದ ಹೊಲದವರಿಗೆ ಹೇಳಿ, ಕಾವಲಿಗೆ ಹತ್ತಿ ಕೂರುವ ಅಟ್ಟಣೆಯ ಏಣಿ, ಬ್ಯಾಟರಿ, ಪಟಾಕಿ ಎಲ್ಲವನ್ನೂ ಅವರ ಕೈಗೆ ಕೊಟ್ಟು ಹೋಗುವುದು. ಅವರು ತಮ್ಮ ಹೊಲ ಬಿಟ್ಟಾದರೂ ನಮ್ಮದನ್ನು ಕಾಯಬೇಕು. ಅವರು ಹೋದಾಗ ನಾವು. ಮುಯ್ಯಿಗೆ ಬಂದವರನ್ನು ಅನುಮಾನದಿಂದ ನೋಡುವುದಿಲ್ಲ. ನೋಡಿದರೆ ಕಾಡಿನ ಅಂಚಿನಲ್ಲಿ ಬದುಕಲಾಗುವುದಿಲ್ಲ.

ಆಟದಲ್ಲಿ ನಮ್ಮ ಪಕ್ಕದ ಹೊಲ ಒಬ್ಬ ಹೆಂಗಸಿನದು. ಯಾವುದೋ ದೊಡ್ಡ ಊರಿನವಳು ಎಂದಿದ್ದಳು. ಅಕ್ಕ ಎಂದೇ ಸೊಸೆ ಕರೆಯುತ್ತಿದ್ದಳು. ಅಕ್ಕ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವಳು, ಸೊಸೆ ನನಗೆ ಓದಿ ಹೇಳುವಳು. ಉಂಡಿರಾ, ಮಳೆ ಬಂತಾ, ನಿಮ್ಮ ಅತ್ತೆಯ ಮಂಡಿನೋವು ಹೇಗಿದೆ ಎಂದು ದಿನವೂ ಕೇಳುವಳು. ನಾನು ಹೆತ್ತ ಮಗ ಒಂದು ದಿನವೂ ಆ ಮಂಡಿಯ ಸುದ್ದಿ ಕೇಳಿದವನಲ್ಲ.

ಗೆಟ್ಟವಾಡಿಯಲ್ಲಿ ನೆಂಟರ ಮದುವೆ ಬಂತು. ಕೆಲವು ದಿನ ಬರುವುದಿಲ್ಲ ಎಂದು ಸೊಸೆ ಅಕ್ಕನಿಗೆ ಬರೆದಳು. ಅದಕ್ಕೆ ಅಕ್ಕ, ನಿಮ್ಮ ಹೊಲ ನಾನು ಕಾಯುತ್ತೇನೆ, ನಾನು ಊರಿಗೆ ಹೋದಾಗ ನೀವು ನನ್ನದನ್ನು ಕಾಯಿರಿ, ಪಾಸ್‌ವರ್ಡು ಕೊಡಿ ಎಂದಳು. ಸೊಸೆ ನನ್ನ ಕಡೆ ತಿರುಗಿದಳು.

“ಕೊಡ್ಬಾರ್ದು ಅಂತಾರೆ ಅತ್ತೆ ಇದ.”

“ಮುಯ್ಯಿ ಕಾಯ್ತಿನಿ ಅಂತಾವ್ಳೆ. ಏಣಿ ಕೊಡ್ದೆ ಅಟ್ಟಣೆ ಅತ್ತು ಅಂದ್ರ ಎಂಗತ್ತಾಳು?”

ಅವಳಿಗೂ ಅದು ಸರಿ ಎನಿಸಿತು. ಕೊಟ್ಟಳು. ನಾವು ಕಳ್ಳನ ಕೈಗೆ ಏಣಿ ಕೊಟ್ಟೆವು ಎಂದು ಆಮೇಲೆ ಎಷ್ಟೋ ಜನ ಹೇಳಿದರು. ಏಣಿ ಕೊಟ್ಟದ್ದು ತಪ್ಪಲ್ಲ, ಕದ್ದದ್ದು ತಪ್ಪು. ಅಂದೂ ಹೀಗೇ ಹೇಳಿದೆ, ಇಂದೂ ಹೀಗೇ ಹೇಳುತ್ತೇನೆ.

ಮದುವೆ ಮುಗಿಸಿ ತಾಳವಾಡಿಯಲ್ಲಿ ಬಸ್ಸಿಳಿದಾಗ ನಮ್ಮೂರಿನ ಗೊಬ್ಬರದ ಅಂಗಡಿಯವನು ಎದುರಾದ. ಸೊಸೆಯನ್ನು ಮೇಲಿಂದ ಕೆಳಗೆ ನೋಡಿದ.

“ಆಸ್ಪತ್ರಿಂದ ಬುಟ್ಬುಟ್ರಾ ಕೂಸೆ? ನಾ ಕಳ್ಸುದ್ದು ಬಂತಾ?”

ಸೊಸೆಗೆ ಏನೂ ತಿಳಿಯಲಿಲ್ಲ. ಸೆಂಟರಿಗೆ ಓಡಿದಳು. ಆಟಕ್ಕೆ ಪಾಸ್‌ವರ್ಡು ಒತ್ತಿದರೆ ತೆರೆಯಲಿಲ್ಲ. ಇಮೇಲು ತೆರೆಯಲಿಲ್ಲ. ಚಾಟು ತೆರೆಯಲಿಲ್ಲ. ಮನೆಗೂ ಕೊಟ್ಟಿಗೆಗೂ ಒಂದೇ ಬೀಗದ ಕೈ ಇಟ್ಟ ಹಾಗೆ ಎಲ್ಲಕ್ಕೂ ಒಂದೇ ಪಾಸ್‌ವರ್ಡು ಇಟ್ಟಿದ್ದಳು. ಹೊಲ ಕಾಯಲು ಬಂದವಳು ಮನೆಗೇ ನುಗ್ಗಿ, ಒಳಗಿನಿಂದ ಅಗುಳಿ ಹಾಕಿಕೊಂಡು, ಸೊಸೆಯ ಹೆಸರಿನಲ್ಲಿ ಊರಿಗೆಲ್ಲ ಓಲೆ ಬರೆದಿದ್ದಳು. ನನಗೆ ಹುಷಾರಿಲ್ಲ, ಮೈಸೂರಿನ ಆಸ್ಪತ್ರೆಯಲ್ಲಿದ್ದೇನೆ, ರೀಚಾರ್ಜ್ ಕಾರ್ಡು ಗೀಚಿ ನಂಬರು ಕಳಿಸಿ ಎಂದು. ಜನ ಕಾರ್ಡು ಕೊಂಡು, ಗೀಚಿ, ನಂಬರು ಕಳಿಸಿದ್ದರು. ಕಳ್ಳಿ ಅದನ್ನೆಲ್ಲ ನುಂಗಿದ್ದಳು.

ಪೊಲೀಸ್ ಸ್ಟೇಷನ್ನಿಗೆ ಹೋದೆವು. ಏನು ಕಳವಾಯಿತು ಎಂದು ಕೇಳಿದರು. ಆಟದ ಹೊಲ ಎಂದಾಗ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದ್ದು ಬಂದೆವು.

ಸಂಜೆಯ ಹೊತ್ತಿಗೆ ನನ್ನ ಸೊಸೆಯೇ ಮೋಸಗಾತಿ ಎಂದು ಊರೆಲ್ಲ ತೀರ್ಮಾನವಾಗಿತ್ತು. ಅಂಗಡಿ ಯಜಮಾನ ಶಟರಿನ ಕೀಲಿಕೈ ಇಸಿದುಕೊಂಡ. “ವಸಿ ದಿನ ಬರ್ಬ್ಯಾಡವ್ವ. ಅಂಗ್ಡಿ ಎಸ್ರು ಕೆಡ್ತದ” ಎಂದ. ನನ್ನ ಮಗ ಚಾಮರಾಜನಗರಕ್ಕೆ ತರಕಾರಿ ಟೆಂಪೋ ಓಡಿಸುತ್ತಿದ್ದ. ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ, “ಸಾಕು, ಇನ್ನ ಮನೇಲಿರು” ಎಂದ. ಸೊಸೆಗೆ ಸೆಂಟರಿನ ಆ ಕುರ್ಚಿ ಎಂದರೆ ಏನೆಂದು ನನಗೆ ಗೊತ್ತಿತ್ತು. ಅವಳ ಅಪ್ಪನಿಗಿಂತ ದೊಡ್ಡವರು ಮನು ಹಿಡಿದು ಅದರ ಎದುರು ನಿಲ್ಲುತ್ತಿದ್ದರು, ಅವಳು ಬರೆದುಕೊಟ್ಟದ್ದನ್ನು ಆಫೀಸಿನವರು ಓದುತ್ತಿದ್ದರು. ಅದೀಗ ಹೋಗುತ್ತಿತ್ತು, ಕಳ್ಳಿ ಎಂಬ ಹೆಸರು ಉಳಿಯುತ್ತಿತ್ತು.

ಮರುದಿನ ಬೆಳಗ್ಗೆ ನಮ್ಮ ಜಗಲಿಯ ಮುಂದೆ ಗಂಡಸರು ಬಂದು ನಿಂತರು. ಎದುರಿನ ನಲ್ಲಿಯಲ್ಲಿ ಹೆಂಗಸರು ನೀರು ಹಿಡಿಯುತ್ತಿದ್ದರು. ಗೊಬ್ಬರದ ಅಂಗಡಿಯವನೇ ಮುಂದಾಳು. ಸಾಕ್ಷಿಗೆಂದು ಆ ಓಲೆಯನ್ನು ಪ್ರಿಂಟು ತೆಗೆಸಿ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ.

“ನಿನ್ ಸೊಸೆ ನಮ್ಗ ಮೋಸ ಮಾಡವ್ಳೆ. ಕಳ್ಸುದ್ದ ವಾಪಸ್ ಕೊಡ್ಸು.”

“ಕೊಡ್ಸ್ತಿನಿ, ಕೂತ್ಕ. ಏನಂತ ಬರ್ದದ ಅದ್ರಲ್ಲಿ? ಓದು.”

“ಓದದ್ಯಾಕೀಗ? ಎಲ್ರಿಗೂ ಗೊತ್ತದ.”

“ನಂಗ ಗೊತ್ತಿಲ್ಲ. ನಾ ಒಂದೊಂದೇ ಅಕ್ಸರ ಕೂಡ್ಸಿ ಓದೋಳು, ನಾ ಓದುದ್ರ ಮದ್ಯಾನ ಆಯ್ತದ. ನೀನೇ ಓದು.”

ಅವನು ಕಾಗದ ತೆಗೆಯಲಿಲ್ಲ. ಪಕ್ಕದವನು ಕೆಮ್ಮಿದ. ಇನ್ನೊಬ್ಬನು ಚಪ್ಪಲಿಯಲ್ಲಿ ನೆಲ ಕೆರೆಯತೊಡಗಿದ. ಇದರಲ್ಲಿ ಏನೋ ಇದೆ ಎಂದು ನನಗೆ ಆಗ ಹೊಳೆಯಿತು.

ಅಷ್ಟರಲ್ಲಿ ಸೊಸೆ ಒಳಗಿನಿಂದ ಬಂದಳು. ಕೈ ಚಾಚಿದಳು. ಅಷ್ಟು ಜನರ ಎದುರು ಇಲ್ಲ ಎನ್ನಲಾಗದೆ ಅವನು ಕೊಟ್ಟ. ಮನು ಬರೆದ ಮೇಲೆ ಒಮ್ಮೆ ಓದಿ ಹೇಳುತ್ತಾಳಲ್ಲ, ಅದೇ ದನಿಯಲ್ಲಿ ಓದಿದಳು. ಆಸ್ಪತ್ರೆ ಆಯಿತು, ರೀಚಾರ್ಜು ಆಯಿತು. ಕೊನೆಯ ಸಾಲು ಬಂತು: “ನಿಮ್ಮೊಬ್ಬರನ್ನೇ ನಂಬಿದ್ದೇನೆ. ನೀವು ನನಗೆ ಬೇರೆಯವರ ಹಾಗಲ್ಲ. ಮನೆಯಲ್ಲಿ ಹೇಳಬೇಡಿ.”

ನಲ್ಲಿಯ ಕಡೆ ಕೊಡ ತುಂಬಿ ಹರಿಯುತ್ತಿತ್ತು. ಯಾರೂ ತೆಗೆಯಲಿಲ್ಲ.

“ಒಬ್ರನ್ನೇ ಅಂತ ಬರ್ದದಲ್ಲ,” ಎಂದೆ ನಾನು, “ಇಲ್ಲಿ ಎಷ್ಟ್ ಜನ ಒಬ್ರು ಬಂದಿದ್ದೀರಪ್ಪ?”

ನಲ್ಲಿಯಲ್ಲಿ ಒಬ್ಬಳು ಪಕ್ಕನೆ ನಕ್ಕಳು. ಆಮೇಲೆ ಎಲ್ಲರೂ. ಗೊಬ್ಬರದ ಅಂಗಡಿಯವನ ಹೆಂಡತಿ ಮಾತ್ರ ನಗಲಿಲ್ಲ. ಕೊಡವನ್ನು ಸೊಂಟಕ್ಕೇರಿಸಿಕೊಂಡು, “ಬನ್ನಿ ಮನಗ” ಎಂದಳು, ಅಷ್ಟೇ.

“ಎಡ್ತಿಗ ಏಳಿ ಕಳ್ಸುದೋರು ಮುಂದ್ಕ ಬನ್ನಿ,” ಎಂದೆ. “ಅವ್ರಿಗ ಈಗ್ಲೇ ಕೊಡ್ತಿನಿ. ಅವರೆಕಾಯಿ ಮಾರಿ ಕೊಡ್ತಿನಿ, ಆಡ್ ಮಾರಿ ಕೊಡ್ತಿನಿ. ಬನ್ನಿ.”

ಯಾರೂ ಬರಲಿಲ್ಲ. ಸೊಸೆ ಕಾಗದವನ್ನು ಮಡಚಿ ಅವನಿಗೆ ವಾಪಸು ಕೊಟ್ಟಳು.

“ನಿಮ್ಮೆಲ್ರ ಮನುನೂ ನಾನೇ ಬರ್ದಿವ್ನಿ. ಒಂದಿನಾರ ನಾ ಇಂಗ ಮಾತಾಡಿವ್ನಾ? ಇದ ನಾ ಬರ್ದಿಲ್ಲ ಅಂತ ನಿಮ್ಗ ಅಲ್ಲೇ ತಿಳೀಬೇಕಾಗಿತ್ತು. ತಿಳಿಲಿಲ್ವಾ, ತಿಳ್ಕಳಕ ಮನ್ಸಿರ್ಲಿಲ್ವಾ?”

ಗುಂಪು ಹಿಂದಿನಿಂದ ಕರಗಿತು. ಒಬ್ಬನಿಗೆ ದನ ಬಿಡುವುದು ನೆನಪಾಯಿತು, ಇನ್ನೊಬ್ಬನಿಗೆ ಬಸ್ಸು.

ಎಲ್ಲರೂ ಹೋದ ಮೇಲೆ ಒಬ್ಬಳು ಉಳಿದಳು. ನಮ್ಮೂರಿನ ಕೂಲಿ ಹೆಂಗಸು, ಕೈಯಲ್ಲಿ ಕುಡುಗೋಲಿತ್ತು, ಕಳೆ ಕೀಳಲು ಹೊರಟಿದ್ದವಳು. ಅವಳ ಮಗಳು ಸತ್ಯಮಂಗಲದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಆ ಕಾಲೇಜಿನ ಅರ್ಜಿ ತುಂಬಿಕೊಟ್ಟದ್ದೂ ನನ್ನ ಸೊಸೆಯೇ. ಆ ಹುಡುಗಿಗೂ ಅದೇ ಓಲೆ ಹೋಗಿತ್ತು. ಅವಳು ಅವ್ವನಿಗೆ ಫೋನು ಮಾಡಿ ಹೇಳಿದ್ದಳು.

“ನಾನೂ ಕಾರ್ಡ್ ತಕ್ಕಂಡು ಮಗ್ಳಿಗ ನಂಬರ್ ಏಳ್ದೆ ಕಣವ್ವ,” ಎಂದಳು ಸೊಸೆಗೆ. “ಕೂಸ್ಗ ಉಸಾರಿಲ್ಲ ಅಂದ್ರಲ್ಲ. ನಿನ್ಗ ತಲ್ಪಲೇ ಇಲ್ವಾ?”

ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ಸೊಸೆ ಆಗ ಅತ್ತಳು. ನಾನು ಒಳಗೆ ಹೋಗಿ ಸಂತೆಯ ಕಾಸಿನ ಚೀಲ ತಂದೆ. ಆ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಳು.

“ಕಾಯ್ಲೆ ಆದೋರ್ಗ ಅಂತ ಕೊಟ್ಟದ್ದ ವಾಪಸ್ ಈಸ್ಕಂಡರ? ಬುಡವ್ವ. ಆ ಕಳ್ಳಿ ಕೈ ಸೇದೋಗ.”

ಅವಳಿಗೂ ಮನೆಯಲ್ಲಿ ಇದ್ದದ್ದು ಅಷ್ಟರಲ್ಲೇ. ಕುಡುಗೋಲು ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಮಗನಿಗೆ ಇದೆಲ್ಲ ಗೊತ್ತಾದ ಮೇಲೂ ಅವನ ಮಾತು ಅದೇ. “ಅವ್ರು ಬಾಯ್ ಮುಚ್ಚುದ್ರು, ಸರಿ. ಆದ್ರೂ ಇವ್ಳು ಓಗದ್ ಬ್ಯಾಡ.”

“ದಾರೀಲಿ ನಿನ್ ಟೆಂಪೋ ಡೀಸೆಲ್ ಕದ್ರಲ್ಲ. ಅವತ್ತಿಂದ ನೀ ಟೆಂಪೋ ಬುಟ್ಬುಟ್ಟಾ?”

“ಅದೂ ಇದೂ ಒಂದಾ ಅವ್ವ?”

“ಒಂದೇ ಕಣ್ಲಾ. ನಿಂದ ಕದ್ರ ಕಳ್ಳನ್ನ ಬೈದ್ರಿ. ಇವ್ಳ್ದ ಕದ್ರ ಇವ್ಳನ್ನೇ ಬೈತಿದ್ದೀರಿ. ಅದೊಂದೇ ಬೇರೆ.”

ಅವನು ಎದ್ದು ಟೆಂಪೋ ತೊಳೆಯಲು ಹೋದ. ಸೋತಾಗಲೆಲ್ಲ ಅದನ್ನೇ ಮಾಡುತ್ತಾನೆ.

ಸೋಮವಾರ ನಾನೂ ಸೊಸೆಯೂ ಮೊದಲ ಬಸ್ಸಿಗೆ ಹೋದೆವು. ಸೆಂಟರಿನ ಮುಂದೆ ಮನು ಬರೆಸಲು ಬಂದವರು ಸಾಲಾಗಿ ಕೂತಿದ್ದರು. ಯಜಮಾನ ಒಂದೇ ಬೆರಳಲ್ಲಿ ಅಕ್ಷರ ಹುಡುಕುತ್ತ ಬೆವರುತ್ತಿದ್ದ. ನಮ್ಮನ್ನು ಕಂಡು, “ಯಾರ್ ಏನಂತಾರೊ” ಎಂದು ಶುರುಮಾಡಿದ.

“ಅನ್ನೋರ್ನ ನನ್ ತಾವ್ಕ ಕಳ್ಸು. ಸಂತೆಲೇ ಕೂತಿರ್ತಿನಿ. ನೀ ಏಳು, ಅವ್ಳು ಕೂತ್ಕಳ್ಳಿ.”

ಎದ್ದ. ಕೀಲಿಕೈಯನ್ನು ಮೇಜಿನ ಮೇಲಿಟ್ಟ. ಸೊಸೆ ಸೆರಗಿನಿಂದ ಕುರ್ಚಿ ಒರೆಸಿ ಕೂತಳು. ಮೊದಲು ನಿಂತವನ ಕೈಯಿಂದ ಕಾಗದ ತೆಗೆದುಕೊಂಡು, “ಸರ್ವೇ ನಂಬರ್ ಏಳಿ” ಎಂದಳು.

ಹಳೆಯ ಇಮೇಲು ಕೊನೆಗೂ ಸಿಗಲಿಲ್ಲ. ಆ ಕಳ್ಳಿ ಹೆಣ್ಣೋ ಗಂಡೋ ಎಂಬುದೂ ತಿಳಿಯಲಿಲ್ಲ. ಬುದ್ಧಿ ಹೇಳಲು ಮಾತ್ರ ಬಹಳ ಜನ ಬಂದರು, ಇನ್ನು ಮೇಲೆ ಯಾರನ್ನೂ ನಂಬಬೇಡಿ ಎಂದು. ಯಾರನ್ನೂ ನಂಬದವರು ಪೇಟೆಯಲ್ಲಿ ಬದುಕಬಹುದು. ನಾನು ಬದುಕುವ ಕಡೆ ಆನೆ ಬರುತ್ತದೆ. ಒಬ್ಬಳೇ ಎಷ್ಟು ಕಾಯಲಿ?

ಸೊಸೆ ಹೊಸ ಇಮೇಲು ಮಾಡಿಕೊಂಡಳು, ಒಂದೊಂದಕ್ಕೂ ಬೇರೆ ಬೇರೆ ಬೀಗ ಹಾಕಿದಳು. ಆಟವನ್ನೂ ಬಿಡಲಿಲ್ಲ, ಹೊಸ ಹೊಲ ಹಿಡಿದಳು. ಅವಳಿಗೆ ಇಷ್ಟವಿದ್ದದ್ದನ್ನು ಯಾರೋ ಕದ್ದರು ಎಂದು ಅವಳೇಕೆ ಬಿಡಬೇಕು? ಒಂದು ಭಾನುವಾರ ಉಣ್ಣಲು ಕೂತಾಗ ಮಗ, ಸುಮ್ಮನೆ ಎಂಬಂತೆ ಕೇಳಿದ.

“ಈ ಸಲ ಪಾಸ್‌ವರ್ಡ್ ಏನ್ ಮಡ್ಗಿದ್ದೈ?”

“ಏಳಲ್ಲ.”

“ಗಂಡನ್ಗೂ ಏಳಲ್ವಾ?”

“ಅತ್ತೆಗೂ ಏಳಿಲ್ಲ.”

ಅವನು ನನ್ನ ಮುಖ ನೋಡಿದ. ನಾನು ಏನಾದರೂ ಅನ್ನುತ್ತೇನೆ ಎಂದುಕೊಂಡನೇನೋ. ಅವನ ತಟ್ಟೆಗೆ ಇನ್ನರ್ಧ ಮುದ್ದೆ ಹಾಕಿ, “ಸಾರು ಆರ್ತಾ ಅದ, ಉಣ್ಣು” ಎಂದೆ.