ಬೆಕ್ಕಿರಬೇಕು ಎನ್ನುವವರು

ದೆವ್ವದ ಸಿನಿಮಾಗಳಲ್ಲಿ ದೆವ್ವಕ್ಕಿಂತ ಮೊದಲು ಬರುವುದು ಬೆಕ್ಕು. ಅಡುಗೆಮನೆಯಲ್ಲಿ ಏನೋ ಬೀಳುತ್ತದೆ, ಹೆಂಡತಿ ಬೆಚ್ಚುತ್ತಾಳೆ, ಗಂಡ ಮಗ್ಗುಲನ್ನೂ ಬದಲಿಸದೆ ‘ಬೆಕ್ಕಿರಬೇಕು, ಮಲಗು’ ಎನ್ನುತ್ತಾನೆ. ಆ ಬೆಕ್ಕು ಅದೆಷ್ಟು ಚಿತ್ರಗಳಲ್ಲಿ ನಟಿಸಿದೆಯೋ, ಪಾಪ, ಯಾರೂ ಅದಕ್ಕೊಂದು ಪ್ರಶಸ್ತಿ ಕೊಟ್ಟಿಲ್ಲ.

ಕಡೂರಿನ ಮಧ್ಯಾಹ್ನಗಳಲ್ಲಿ, ಪಾತ್ರೆಗಳ ಸಂಸಾರ ಮುಗಿಸಿ, ದೆವ್ವದ ಸಿನಿಮಾ ನೋಡುವುದು ನನ್ನ ದುರಭ್ಯಾಸ. ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿ, ಜೋರಾಗಿ ಆಕಳಿಸುವುದೂ ಅಸಭ್ಯವೆಂದು ಕಲಿತ ನನಗೆ ಕಿರುಚುವ ಹೆಂಗಸರ ಮೇಲೆ ಏಕಿಷ್ಟು ಅಕ್ಕರೆಯೋ ಕಾಣೆ. ನನ್ನ ಧೈರ್ಯವೂ ಅಷ್ಟಕ್ಕಷ್ಟೆ. ಹೆದರಿಕೆಯಾದಾಗ ಟೀವಿಯ ಸದ್ದು ಅಡಗಿಸಿಬಿಡುತ್ತೇನೆ. ಸದ್ದಿಲ್ಲದ ದೆವ್ವ ಹಲ್ಲುನೋವಿನಿಂದ ಒದ್ದಾಡುವ ನೆಂಟರಂತೆ ಕಂಡು, ಒಂದು ಲವಂಗ ಕೊಡೋಣವೆನಿಸುತ್ತದೆ.

ನೋಡಿ ನೋಡಿ ನನಗೊಂದು ಗುಟ್ಟು ಹೊಳೆದಿದೆ. ಸಿನಿಮಾದ ಆ ಹೆಂಡತಿ ಕಂಡದ್ದನ್ನು ಕಂಡ ಹಾಗೇ ಹೇಳುತ್ತಾಳೆ. ಗಂಡ ನಗುತ್ತಾನೆ, ಅತ್ತೆ ಹಣೆ ಮುಟ್ಟಿ ಜ್ವರ ನೋಡುತ್ತಾಳೆ, ಡಾಕ್ಟರು ನಿದ್ದೆಗುಳಿಗೆ ಬರೆಯುತ್ತಾರೆ. ನಿಜವಾದ ಭಯ ಇರುವುದು ಇಲ್ಲಿ. ಅವಳ ಮಾತು ನಿಜವೆಂದು ಸೋಫಾದಲ್ಲಿ ಕೂತ ನಮಗೆ ಮಾತ್ರ ಗೊತ್ತು, ನಾವೋ ಚಿತ್ರದೊಳಗಿಲ್ಲ.

ಈಚೆಗೊಂದು ದಿನ ನಾದಿನಿ ಗಿರಿಜಾ ಅಜ್ಜಂಪುರದಿಂದ ಮಗಳು ಶಾಲಿನಿಯನ್ನು ಕರೆದುಕೊಂಡು ಬಂದಳು. ಶಾಲಿನಿಯನ್ನು ತರೀಕೆರೆಗೆ ಕೊಟ್ಟಿದೆ. ಗಂಡ ಹೊಡೆಯುತ್ತಾನೆಂದು ಅವಳು ತಾಯಿಗೆ ಹೇಳಿದ್ದಳು. ಹಿರಿಯರನ್ನು ಕಂಡಲ್ಲೆಲ್ಲ ಬಗ್ಗಿ ಕಾಲು ಮುಟ್ಟುವ ಆ ಮೆತ್ತನೆಯ ಅಳಿಯ ಹೊಡೆಯುವುದುಂಟೇ? ಮಗಳು ಬೆಚ್ಚುತ್ತಾಳೆ, ಅನ್ನ ಸೇರುವುದಿಲ್ಲ, ಹಾಗಾದರೆ ಇದು ದೆವ್ವದ ಸೋಂಕೇ ಎಂದು ತೀರ್ಮಾನಿಸಿದ ಗಿರಿಜಾ, ಮಂತ್ರಿಸಿದ ಕಪ್ಪು ದಾರವನ್ನು ಅವಳ ಮಣಿಕಟ್ಟಿಗೆ ಸುತ್ತುಸುತ್ತಾಗಿ ಕಟ್ಟಿಸಿದ್ದಳು. ‘ಇನ್ನೇನ್ ಭಯ ಇಲ್ಲ ಅತ್ತಿಗೆ, ಸಂಜೆ ತರೀಕೆರೆಗೆ ಬಿಟ್ಟು ಬತ್ತೀನಿ’ ಎಂದಳು.

ಊಟವಾದ ಮೇಲೆ ಟೀವಿ ಹಾಕಿದೆ. ಶಾಲಿನಿ ಮೆತ್ತನೆಯ ಸೋಫಾ ಬಿಟ್ಟು, ಬಾಗಿಲು ಕಾಣುವಂತೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಪರದೆಯ ಮೇಲೆ ಬೆಕ್ಕು ಬಂದು ಹೋಯಿತು. ‘ಅತ್ತೆ, ಇವಳಿಗೂ ದಾರ ಕಟ್ತಾರೆ ನೋಡ್ತಿರಿ’ ಎಂದಳು ಮೆಲ್ಲಗೆ. ನಗು ಬಂತು, ಅವಳ ಕೈ ಕಂಡು ನಿಂತೂ ಹೋಯಿತು. ದಾರದ ಅಂಚಿನಿಂದ ಹಳದಿಗೆ ತಿರುಗಿದ ನೀಲಿ ಕಲೆಗಳು ಇಣುಕುತ್ತಿದ್ದವು, ಸಾಲಾಗಿ, ಬೆರಳಿನಗಲ. ಕಟ್ಟಿದವರಿಗೆ ಕಂಡಿರಲೇಬೇಕು. ಕಂಡೂ, ಅದರ ಮೇಲೆಯೇ ಕಟ್ಟಿದ್ದರು.

ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಶಾಲಿನಿಯನ್ನು ಕರೆತಂದವರು ನನ್ನ ಯಜಮಾನರು. ಹೊಸ ಪಂಚೆ ಕಾಲಿಗೆ ತೊಡರಿದ್ದರಿಂದ ಅಂದು ಹುಡುಗಿಯೇ ಮಾವನನ್ನು ನಡೆಸಿದಳೆನ್ನಿ. ಈಗ ಪೇಪರಿನ ಹಿಂದೆ ಅಂತರ್ಧಾನರಾಗಿದ್ದ ಅವರೆದುರು ಅವಳನ್ನು ಕೂರಿಸಿ, ಸಿಸ್ಟರುಗಳು ಕಲಿಸಿದ ಮೆಲುದನಿಯಲ್ಲೇ ಹೇಳಿದೆ: ‘ನೀವು ಹಿಡ್ಕೊಂಡು ಬಂದಿದ್ ಕೈ ಕಣ್ರೀ ಇದು. ದಾರ ಬಿಚ್ಚಿ ನೋಡಿ.’

‘ಬಿಚ್ಚಬಾರ್ದು, ಅನಿಷ್ಟ!’ ಎಂದಳು ಗಿರಿಜಾ.

‘ಬಳೆ ಒತ್ತಿರ್ಬೇಕು ಕಣೇ’ ಎಂದರು ಇವರು, ಥೇಟ್ ಸಿನಿಮಾದ ಗಂಡನ ಹಾಗೆ.

‘ಬಳೆಗೆ ಬೆರಳಿರುತ್ವಾ ಮಾವ?’ ಎಂದಳು ಶಾಲಿನಿ.

ಇವರು ಕನ್ನಡಕ ಹುಡುಕಿ ಹಾಕಿಕೊಂಡರು. ಗಂಟು ಬಿಗಿಯಾಗಿತ್ತು, ನನ್ನ ತರಕಾರಿ ಚಾಕು ಬೇಕಾಯಿತು. ಆ ಮಣಿಕಟ್ಟಿನ ಕಲೆಗಳ ಮೇಲೆ ತಮ್ಮ ಬೆರಳುಗಳನ್ನು ಒಂದೊಂದಾಗಿ ಇಟ್ಟು ನೋಡಿದವರು ತಂಗಿಯ ಕಡೆ ತಿರುಗಿದರು: ‘ಇವಳು ಇಲ್ಲೇ ಇರ್ತಾಳೆ ಗಿರಿಜಾ. ತರೀಕೆರೆಗೆ ನಾನ್ ಹೋಗ್ತೀನಿ, ಪೊಲೀಸ್ ಸ್ಟೇಷನ್ನಿಗೆ.’

ಗಿರಿಜಾ ಸೆರಗು ಬಾಯಿಗೊತ್ತಿಕೊಂಡಳು. ‘ನಂಗೂ ಕಂಡಿತ್ತು ಅಣ್ಣ. ಸೋಂಕಾದ್ರೆ ವಾಸಿ ಆಗುತ್ತಲ್ಲ ಅಂತ…’

ಅವಳ ಮೇಲೆ ಸಿಟ್ಟಾಗಲು ಸಿದ್ಧಳಾಗಿದ್ದ ನಾನು ಕಾಫಿಗೆ ಹಾಲಿಟ್ಟೆ. ದೆವ್ವಕ್ಕೆ ನಿಂಬೆಹಣ್ಣುಂಟು, ದಾರವುಂಟು, ಅಳಿಯನಿಗೆ ಏನಿದೆ? ನಂಬದಿರುವುದಕ್ಕೂ ಕೆಲವೊಮ್ಮೆ ಭಯವೇ ಬೇರು. ಹಾಗೆಂದು ಆ ಭಯಕ್ಕೆ ಹುಡುಗಿಯೊಬ್ಬಳನ್ನು ಬಲಿ ಕೊಡಲಾಗದು.

ಇವರು ಹೇಳಿದಂತೆ ತರೀಕೆರೆಗೆ ಹೋಗಿ ದೂರು ಕೊಟ್ಟು ಬಂದರು. ಶಾಲಿನಿ ನಮ್ಮಲ್ಲೇ ಇದ್ದಾಳೆ. ನಿನ್ನೆ ನಾವು ಮೂವರೂ ಸಿನಿಮಾ ನೋಡುತ್ತಿದ್ದಾಗ ಅಡುಗೆಮನೆಯಲ್ಲಿ ಏನೋ ಧಡಾರನೆ ಬಿತ್ತು, ಅವಳು ಬೆಚ್ಚಿದಳು. ‘ಬೆಕ್ಕಿರ್ಬೇ…’ ಎಂದು ಬಾಯಿ ತೆರೆದ ಇವರು ಅಲ್ಲಿಗೇ ನಿಲ್ಲಿಸಿ, ಮಂಡಿನೋವಿಗೆ ಮುಲುಗುತ್ತಾ ಎದ್ದು ಒಳಗೆ ಹೋದರು. ಬರಿದಾದ ಹಾಲಿನ ಪಾತ್ರೆ ಹಿಡಿದು ಬಂದರು.

‘ಬೆಕ್ಕೇ ಕಣಮ್ಮ, ನೋಡಿ ಬಂದೆ’ ಎಂದರು.